ಉನ್ನತ ವೃತ್ತಿಶಿಕ್ಷಣ: ಯೋಜನೆಯೂ ನಮ್ಮ ಹೊಣೆಯೂ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಹಿತ್ಯ, ಸಂಗೀತ, ಯಕ್ಷಗಾನ, ಗಡಿಯ ಪ್ರಶ್ನೆ - ಇವು ನಮ್ಮ ಸಂಘಗಳ ವೇದಿಕೆಗೆ ಚಿರಪರಿಚಿತವಾದ ವಿಷಯಗಳು. ಈ ಸಲ ವೃತ್ತಿಶಿಕ್ಷಣವನ್ನು ಕುರಿತು ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ಸಾಹಿತಿಯಲ್ಲ, ಮೂರು ದಶಕಗಳ ಕಾಲ ಈ ಮಹಾನಗರದಲ್ಲಿ ತಾಂತ್ರಿಕ ವಿಷಯಗಳ ಪಾಠ ಹೇಳಿಕೊಂಡು ಬಂದವನು. ಆದ್ದರಿಂದ ನನ್ನ ಮಾತಿನಲ್ಲಿ ಅಲಂಕಾರ ಕಡಮೆಯಿದ್ದರೆ ತಾವು ಮನ್ನಿಸಬೇಕು.

ಮುಂಬಯಿಯಲ್ಲಿ ಇಂದು ಎರಡು ದೂರುಗಳು ಒಟ್ಟೊಟ್ಟಿಗೆ ಕೇಳಿಬರುತ್ತಿವೆ. ನಮ್ಮ ಹೋಟೆಲು ಮಾಲಕರು ಒಳ್ಳೆಯ ಅಡುಗೆ ಭಟ್ಟರು ಸಿಗುವುದಿಲ್ಲ ಎನ್ನುತ್ತಾರೆ. ಕಟ್ಟಡ ಕಟ್ಟುವವರು ನುರಿತ ವೆಲ್ಡರ್, ಪ್ಲಂಬರ್, ಇಲೆಕ್ಟ್ರಿಶಿಯನ್ ಇಲ್ಲವೆನ್ನುತ್ತಾರೆ. ಆಸ್ಪತ್ರೆಯವರಿಗೆ ಡಯಾಲಿಸಿಸ್ ಯಂತ್ರ ನಡೆಸುವವರು ಬೇಕು, ಶಸ್ತ್ರಚಿಕಿತ್ಸಾ ಕೊಠಡಿಗೆ ತರಬೇತಾದ ಸಹಾಯಕರು ಬೇಕು. ಇದು ಒಂದು ದೂರು. ಇದೇ ಊರಿನ ಉಪನಗರಗಳಲ್ಲಿ, ಬಿ.ಕಾಂ., ಬಿ.ಎ. ಪದವಿಯನ್ನು ಕೈಯಲ್ಲಿ ಹಿಡಿದ ಮಕ್ಕಳು ವರ್ಷಗಟ್ಟಲೆ ಅರ್ಜಿ ಬರೆಯುತ್ತಿದ್ದಾರೆ. ಅವರ ತಂದೆತಾಯಿಗಳದು ಎರಡನೆಯ ದೂರು. ಕೆಲಸಕ್ಕೆ ಜನವಿಲ್ಲ, ಜನರಿಗೆ ಕೆಲಸವಿಲ್ಲ. ಇವೆರಡರ ನಡುವೆ ಇರಬೇಕಾಗಿದ್ದ ಸೇತುವೆ ಯಾಕೆ ಕಟ್ಟಲ್ಪಡಲಿಲ್ಲ, ಅದನ್ನು ಕಟ್ಟುವುದರಲ್ಲಿ ನಮ್ಮ ಪಾಲು ಏನು ಎಂಬುದೇ ನನ್ನ ಇಂದಿನ ಮಾತಿನ ವಸ್ತು.

ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಗಳ ಹಿಂದೆಯೇ ಇದೇ ಮುಂಬಯಿಯಲ್ಲಿ ಇದನ್ನು ಕುರಿತು ವಿಚಾರ ನಡೆದಿತ್ತು. ಅದರ ಮುಂದಾಳು ಕನ್ನಡಿಗರೊಬ್ಬರು ಎಂಬುದನ್ನು ನಾವು ಮರೆತಂತಿದೆ. 1921-22ರಲ್ಲಿ ಮುಂಬಯಿ ಪ್ರಾಂತದ ತಾಂತ್ರಿಕ ಹಾಗೂ ಔದ್ಯೋಗಿಕ ಶಿಕ್ಷಣವನ್ನು ಪರಿಶೀಲಿಸಲು ನೇಮಕಗೊಂಡ ಸಮಿತಿಗೆ ಅಧ್ಯಕ್ಷರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿ ಎರಡು ದಶಕಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದ ಅವರನ್ನು ನಾವು ಕನ್ನಂಬಾಡಿಯೊಂದಿಗೆ ಮಾತ್ರ ಜೋಡಿಸಿ ನೆನೆಯುತ್ತೇವೆ. ಮೈಸೂರಿನ ದಿವಾನರಾಗಿದ್ದಾಗ 1916ರಲ್ಲಿ ವಿಶ್ವವಿದ್ಯಾನಿಲಯವನ್ನೂ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನೂ ಆರಂಭಿಸಲು ಕಾರಣರಾದ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು, ಬೆಂಗಳೂರಿನಲ್ಲಿ ಕಸುಬು ಕಲಿಸುವ ಒಂದು ಶಾಲೆಗಾಗಿ ಕೊಟ್ಟುಬಿಟ್ಟರು. ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆಗಿ ಬೆಳೆದದ್ದು ಆ ಸಂಸ್ಥೆಯೇ. ಎಂಜಿನಿಯರರನ್ನು ಮಾತ್ರ ತಯಾರಿಸಿ, ಅವರ ಕೆಳಗೆ ಕೆಲಸ ನಡೆಸುವ ನುರಿತ ಕೈಗಳನ್ನು ತಯಾರಿಸದ ನಾಡು ಮೇಲೇಳಲಾರದೆಂಬ ಅರಿವು ಅವರಿಗಿತ್ತು.

ಮುಂಬಯಿಗೂ ಈ ಅರಿವು ಇರಲಿಲ್ಲವೆಂದಲ್ಲ. ಬಟ್ಟೆ ಗಿರಣಿಗಳಿಗೆ ಬೇಕಾದ ತಂತ್ರಜ್ಞರನ್ನು ತಯಾರಿಸುವುದಕ್ಕಾಗಿ 1887ರಲ್ಲೇ ಇಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಹುಟ್ಟಿಕೊಂಡಿತು. ಮೊದಲು ಬೈಕಲಾದಲ್ಲಿದ್ದ ಅದು 1923ರಲ್ಲಿ ಮಾಟುಂಗಾಕ್ಕೆ ಬಂತು. 1997ರಲ್ಲಿ ವೀರಮಾತಾ ಜೀಜಾಬಾಯಿಯ ಹೆಸರನ್ನು ಪಡೆಯಿತು. ಹೆಸರು ಬದಲಾದದ್ದು ಇರಲಿ, ಗಿರಣಿಯ ಕೆಲಸಕ್ಕೆಂದು ಆರಂಭವಾದ ಸಂಸ್ಥೆ ಕ್ರಮೇಣ ಎಂಜಿನಿಯರಿಂಗ್ ಪದವಿಯ ಕಾಲೇಜಾಯಿತೆಂಬುದು ಗಮನಿಸಬೇಕಾದ ಸಂಗತಿ. ಇದು ನಮ್ಮ ದೇಶದ ತಾಂತ್ರಿಕ ಶಿಕ್ಷಣದ ಸಾಮಾನ್ಯ ಚರಿತ್ರೆ. ಸಂಸ್ಥೆಗಳು ಮೇಲಕ್ಕೇರಿದವು, ಅವುಗಳೊಡನೆ ಕೆಲಸಗಾರನೂ ಮೇಲಕ್ಕೇರುವಂಥ ಮೆಟ್ಟಲುಗಳು ಮಾತ್ರ ನಿರ್ಮಾಣವಾಗಲಿಲ್ಲ.

ಅಂಥ ಮೆಟ್ಟಲುಗಳನ್ನು ತಮ್ಮದೇ ರೀತಿಯಲ್ಲಿ ಕಟ್ಟಿದವರು ನಮ್ಮ ಹಿರಿಯರು. ಇದನ್ನು ಅಭಿಮಾನದ ಮಾತಾಗಿ ಹೇಳುತ್ತಿಲ್ಲ, ಶಿಕ್ಷಣದ ಇತಿಹಾಸದ ಒಂದು ದೃಷ್ಟಾಂತವಾಗಿ ಹೇಳುತ್ತಿದ್ದೇನೆ. ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದ ಬಡ ಹುಡುಗರು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ಮೇಜು ಒರೆಸಿ, ಲೋಟ ತೊಳೆದು, ಇರುಳು ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕುಳಿತರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ಓದಿದವರು ಟೈಪ್‌ರೈಟಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಗುಮಾಸ್ತರಾದರು, ಬ್ಯಾಂಕುಗಳಲ್ಲಿ ಅಧಿಕಾರಿಗಳಾದರು, ವಕೀಲರಾದರು, ಸ್ವಂತ ಹೋಟೆಲುಗಳ ಒಡೆಯರಾದರು. ಮೆಟ್ರಿಕ್ ಆದ ಮೇಲೂ ಅವರ ಮುಂದೆ ಬಾಗಿಲು ಮುಚ್ಚಿರಲಿಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರು 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜಿನಲ್ಲಿ ದುಡಿಯುವವರಿಗೆ ಅನುಕೂಲವಾಗುವಂತೆ ಬೆಳಗಿನ ಹೊತ್ತು ತರಗತಿಗಳು ನಡೆಯುತ್ತಿದ್ದವು.

ಈ ರಾತ್ರಿ ಶಾಲೆಗಳ ಯಶಸ್ಸಿಗೆ ಮೂರು ಕಾರಣಗಳು ನನಗೆ ಕಾಣುತ್ತವೆ. ಮೊದಲನೆಯದು, ಅವು ದುಡಿಮೆಯನ್ನು ಬಿಟ್ಟು ಬಾ ಎಂದು ಹುಡುಗನಿಗೆ ಹೇಳಲಿಲ್ಲ. ಅವನ ಪಾಳಿ ಮುಗಿಯುವ ಹೊತ್ತಿಗೆ ತಾವೇ ಬಾಗಿಲು ತೆರೆದವು. ಎರಡನೆಯದು, ಅವು ಕೊಟ್ಟ ಪ್ರಮಾಣಪತ್ರ ಹಗಲು ಶಾಲೆಯ ಪ್ರಮಾಣಪತ್ರವೇ ಆಗಿತ್ತು. ಅದಕ್ಕೆ ಕಡಮೆ ಬೆಲೆಯಿರಲಿಲ್ಲ. ಮೂರನೆಯದು, ಶಾಲೆ ನಡೆಸಿದವರೂ ಕೆಲಸ ಕೊಟ್ಟವರೂ ಒಂದೇ ಸಮಾಜದವರಾಗಿದ್ದರು. ಹುಡುಗನನ್ನು ಸಂಜೆ ಶಾಲೆಗೆ ಬಿಡಬೇಕೆಂದು ಮಾಲಕರಿಗೆ ಹೇಳುವ ಹಿರಿಯರು ಸಂಘದಲ್ಲಿದ್ದರು.

ಸರಕಾರದ ಯೋಜನೆಗಳತ್ತ ನೋಡಿದರೆ ಈ ಮೂರೂ ಗುಣಗಳು ವಿರಳ. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾಗಿ ನಾವೆಲ್ಲ ಬಲ್ಲ ಐ.ಟಿ.ಐ.ಗಳು ಬಂದವು. 1961ರಲ್ಲಿ ಶಿಶಿಕ್ಷು ಕಾಯಿದೆ, ಅಂದರೆ ಅಪ್ರೆಂಟಿಸ್ ಕಾಯಿದೆ, ಬಂತು. 1964-66ರ ಕೊಠಾರಿ ಆಯೋಗ ಪ್ರೌಢ ಶಿಕ್ಷಣದಲ್ಲೇ ವೃತ್ತಿಯ ಕವಲು ಇರಬೇಕೆಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಹನ್ನೊಂದು-ಹನ್ನೆರಡನೆಯ ತರಗತಿಯ ವಿದ್ಯಾರ್ಥಿಗಳಲ್ಲಿ ಶೇ. 10ರಷ್ಟು ಮಂದಿ 1990ರೊಳಗೆ, ಶೇ. 25ರಷ್ಟು ಮಂದಿ 1995ರೊಳಗೆ ವೃತ್ತಿಶಿಕ್ಷಣಕ್ಕೆ ಬರಬೇಕೆಂದು ಗುರಿಯಿಟ್ಟಿತು. ಗುರಿ ಈಡೇರಲಿಲ್ಲ, 1992ರಲ್ಲಿ ಆ ಗಡುವುಗಳನ್ನು 1995ಕ್ಕೂ 2000ಕ್ಕೂ ಮುಂದೂಡಲಾಯಿತು. 2009ರ ಕೌಶಲಾಭಿವೃದ್ಧಿ ನೀತಿ 2022ರೊಳಗೆ 50 ಕೋಟಿ ಜನರಿಗೆ ಕೌಶಲ ಕಲಿಸುವ ಸಂಕಲ್ಪ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಎತ್ತಿ ಹೇಳುತ್ತದೆ: 19ರಿಂದ 24 ವರ್ಷ ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ವಿಧಿವತ್ತಾದ ವೃತ್ತಿಶಿಕ್ಷಣ ಪಡೆದವರು ಶೇ. 5ಕ್ಕೂ ಕಡಮೆ, ಅಮೇರಿಕದಲ್ಲಿ ಶೇ. 52, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96. ಆ ನೀತಿಯೂ ಒಂದು ಗುರಿಯನ್ನಿಟ್ಟಿತು: 2025ರ ವೇಳೆಗೆ ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದು.

ಗುರಿಗಳಿಗೆ ಬರವಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಹಾಗಾದರೆ ಕುಂದು ಎಲ್ಲಿತ್ತು? ನನ್ನ ಅನುಭವದಲ್ಲಿ, ವೃತ್ತಿಶಿಕ್ಷಣವನ್ನು ಆರಿಸಿಕೊಂಡ ವಿದ್ಯಾರ್ಥಿಗೆ ಮುಂದಿನ ದಾರಿಯೇ ಇರಲಿಲ್ಲ. ನಾನು ಪಾಠ ಹೇಳುತ್ತಿದ್ದ ಸಂಸ್ಥೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಅಸಾಧಾರಣ ಹಿಡಿತವಿದ್ದ ಒಬ್ಬ ಹುಡುಗನಿದ್ದ. ಐ.ಟಿ.ಐ. ಮುಗಿಸಿ, ಐದು ವರ್ಷ ಕಾರ್ಖಾನೆಯಲ್ಲಿ ದುಡಿದು, ಮತ್ತೆ ಓದಬೇಕೆಂದು ಬಂದ. ಕಾಲೇಜಿನವರು ಅವನ ಐದು ವರ್ಷಗಳ ಅನುಭವವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನಷ್ಟೇ ಕೇಳಿದರು. ಆ ಹುಡುಗ ತನ್ನ ಮಗನನ್ನು ಐ.ಟಿ.ಐ.ಗೆ ಕಳುಹಿಸಲಿಲ್ಲವೆಂದರೆ ಅವನನ್ನು ದೂರಬಹುದೆ? ಕೈಕೆಲಸದ ಬಗೆಗೆ ನಮ್ಮ ಸಮಾಜದಲ್ಲಿ ತಾತ್ಸಾರವಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಅದು ನಿಜ. ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯರಂಥ ಶರಣರು ತಮ್ಮ ಕಸುಬನ್ನೇ ಹೆಸರಿನೊಂದಿಗೆ ಹೊತ್ತು ಗೌರವ ಪಡೆದ ನಾಡಿನವರು ನಾವು. ಆದರೂ ಆ ಕಾಯಕ ತತ್ತ್ವ ನಮ್ಮ ಶಾಲೆಗಳನ್ನು ತಲಪಲಿಲ್ಲ. ಆದರೆ ತಂದೆತಾಯಿಗಳ ನಿರಾಕರಣೆಯನ್ನು ಬರಿಯ ತಾತ್ಸಾರವೆಂದು ತಳ್ಳಿಹಾಕುವುದು ತಪ್ಪು. ಮುಂದೆ ದಾರಿಯಿಲ್ಲದ ಕಡೆಗೆ ಮಗನನ್ನು ಕಳುಹಿಸಲು ಯಾವ ತಂದೆಯೂ ಒಪ್ಪುವುದಿಲ್ಲ. ಬಡವರ ಮಕ್ಕಳಿಗೆ ಕಸುಬು, ಉಳ್ಳವರ ಮಕ್ಕಳಿಗೆ ಪದವಿ ಎಂಬ ಹಂಚಿಕೆಯಾದರೆ, ತಂದೆಯ ಕಸುಬಿಗೆ ಮಗನನ್ನು ಕಟ್ಟಿಹಾಕುವ ಹಳೆಯ ಜಾತಿ ಪದ್ಧತಿಯೇ ಹೊಸ ವೇಷದಲ್ಲಿ ಬಂದಂತಾಗುತ್ತದೆ.

ಇನ್ನೊಂದು ಪಾಠವನ್ನು ಮುಂಬಯಿ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದರ ರಾಜಕಾರಣದ ವಿವೇಚನೆ ಇಲ್ಲಿ ಬೇಡ. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಇಪ್ಪತ್ತು-ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಪಳಗಿದ ಕೈಗಳಿಗೆ ಆ ಮಗ್ಗದ ಹೊರಗೆ ಬೆಲೆಯಿಲ್ಲದೆ ಹೋಯಿತು. ಒಬ್ಬನಿಗೆ ಒಂದೇ ಯಂತ್ರ ತಿಳಿದಿದ್ದರೆ ಆ ಯಂತ್ರದೊಡನೆ ಅವನ ಅನ್ನವೂ ಹೋಗುತ್ತದೆ. ಯಂತ್ರದ ಹಿಂದಿನ ತತ್ತ್ವ - ವಿದ್ಯುತ್ತು, ಚಲನೆ, ಅಳತೆ, ಲೆಕ್ಕ, ನಕ್ಷೆ ಓದುವುದು - ತಿಳಿದಿದ್ದರೆ ಅವನು ಇನ್ನೊಂದು ಯಂತ್ರದ ಮುಂದೆ ನಿಲ್ಲಬಲ್ಲ. ಮೂರು ತಿಂಗಳ ತರಬೇತಿಗೂ ಉನ್ನತ ವೃತ್ತಿಶಿಕ್ಷಣಕ್ಕೂ ಇರುವ ಅಂತರ ಇಲ್ಲಿದೆ. ಇಂದಿನ ಕೌಶಲ ಯೋಜನೆಗಳಲ್ಲಿ ಮೂರು ತಿಂಗಳದೇ ಸಂಭ್ರಮ ಹೆಚ್ಚು.

ಉನ್ನತ ವೃತ್ತಿಶಿಕ್ಷಣವೆಂದರೆ ಏನೆಂಬುದನ್ನು ನಮ್ಮವರಿಗೆ ಹತ್ತಿರವಾದ ಒಂದು ಉದಾಹರಣೆಯಿಂದ ಹೇಳುತ್ತೇನೆ. 1954ರಲ್ಲಿ ಇದೇ ಮುಂಬಯಿಯಲ್ಲಿ ಲೀಲಾವತಿ ಮುನ್ಶಿಯವರ ಮುಂದಾಳ್ತನದಲ್ಲಿ ಮಹಿಳೆಯರ ಸಂಸ್ಥೆಯೊಂದು ದೇಶದ ಮೊತ್ತಮೊದಲ ಹೋಟೆಲ್ ಮ್ಯಾನೇಜ್‌ಮೆಂಟ್ ಶಾಲೆಯನ್ನು ತೆರೆಯಿತು. ದಾದರಿನಲ್ಲಿರುವ ಆ ಸಂಸ್ಥೆ ಅಡುಗೆಯನ್ನು ಶಾಸ್ತ್ರವಾಗಿ, ಆತಿಥ್ಯವನ್ನು ವ್ಯವಸ್ಥೆಯಾಗಿ ಕಲಿಸುತ್ತ ಬಂದಿದೆ. ಅದಕ್ಕಿಂತ ಹನ್ನೆರಡು ವರ್ಷ ಮೊದಲು, 1942ರಲ್ಲಿ, ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕೂಡ ಯುವಕರಿಗೆ ಜೀವನೋಪಾಯದ ವಿದ್ಯೆ ಕೊಡಬೇಕೆಂಬ ಆಶಯದಿಂದಲೇ ಹುಟ್ಟಿದ್ದು. ಮುಂದೆ 1980ರ ದಶಕದಲ್ಲಿ ಮಣಿಪಾಲದಲ್ಲೂ ಹೋಟೆಲ್ ಆಡಳಿತದ ಪದವಿ ಶಾಲೆ ಬಂತು. ಇವೆಲ್ಲ ಅಭಿನಂದನೀಯ. ಆದರೆ ದಾದರಿನ ಆ ಶಾಲೆಯಿಂದ ಮಾಟುಂಗಾ ಎಷ್ಟು ದೂರ? 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವ ಮಾಟುಂಗಾ, ನಮ್ಮ ಉಡುಪಿ ಹೋಟೆಲುಗಳ ತವರು. ಅಲ್ಲಿಯ ಯಾವುದೋ ಒಂದು ಅಡುಗೆಮನೆಯಲ್ಲಿ ಹದಿನೈದು ವರ್ಷ ದುಡಿದ ಭಟ್ಟರಿಗೆ ಈ ಪದವಿಗೆ ಸೇರಬೇಕೆಂಬ ಆಸೆ ಹುಟ್ಟಿದರೆ, ಅವರು ಹನ್ನೆರಡನೆಯ ತರಗತಿ ಪಾಸಾಗಿ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಒಂದೇ ಕಸುಬಿನ ಎರಡು ಲೋಕಗಳು ಕೂಗಳತೆಯಲ್ಲಿದ್ದೂ ಒಂದರಿಂದ ಇನ್ನೊಂದಕ್ಕೆ ಹತ್ತುವ ಏಣಿಯಿಲ್ಲ.

ಜರ್ಮನಿಯಲ್ಲಿ ಈ ಏಣಿ ಇದೆ. ಅಲ್ಲಿ ಕಲಿಯುವ ಯುವಕ ವಾರದ ಹೆಚ್ಚು ದಿನ ಕೆಲಸದ ಸ್ಥಳದಲ್ಲಿ, ಒಂದೆರಡು ದಿನ ವೃತ್ತಿಶಾಲೆಯಲ್ಲಿ ಕಳೆಯುತ್ತಾನೆ. ಕೆಲವು ವರ್ಷಗಳ ಬಳಿಕ ಅವನು 'ಮೈಸ್ಟರ್', ಎಂದರೆ ಆ ಕಸುಬಿನ ಗುರು, ಎಂಬ ಪರೀಕ್ಷೆಗೆ ಕೂರಬಹುದು. ಆ ದೇಶದ ಅರ್ಹತಾ ಪಟ್ಟಿಯಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯದ ಮೊದಲ ಪದವಿಗೆ ಸಮನಾದ ಸ್ಥಾನವಿದೆ. ಅದನ್ನು ಹಾಗೆಯೇ ಇಲ್ಲಿ ತಂದು ನೆಡಬೇಕೆಂದು ನಾನು ಹೇಳುವುದಿಲ್ಲ. ನಮ್ಮಲ್ಲೂ ಹಲಗೆಗಳು ಬಂದಿವೆ. 2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾಯಿತು. 2014ರಲ್ಲಿ ಯು.ಜಿ.ಸಿ. 'ಬಿ.ವೋಕ್' ಎಂಬ ವೃತ್ತಿಪದವಿಗೆ ಮಂಜೂರಾತಿ ಕೊಟ್ಟಿತು: ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಡುವೆ ಬಿಟ್ಟು ದುಡಿದು ಮತ್ತೆ ಬರಬಹುದು. ಮಹಾರಾಷ್ಟ್ರ ಸರಕಾರ ಕೌಶಲ ವಿಶ್ವವಿದ್ಯಾನಿಲಯವೊಂದನ್ನು ಸ್ಥಾಪಿಸಿ, 2024ರಲ್ಲಿ ಅದಕ್ಕೆ ರತನ್ ಟಾಟಾ ಅವರ ಹೆಸರಿಟ್ಟಿದೆ. ಅಂದರೆ ಏಣಿಯ ಮೇಲಿನ ಮೆಟ್ಟಲುಗಳು ಸಿದ್ಧವಾಗುತ್ತಿವೆ. ನೆಲಕ್ಕೆ ತಾಗುವ ಕೆಳಗಿನ ಮೆಟ್ಟಲುಗಳು ಇನ್ನೂ ಆಗಬೇಕು.

ಇನ್ನು ಯೋಜನೆಯ ಮಾತು. ಎಷ್ಟು ಸೀಟು, ಎಷ್ಟು ಕಟ್ಟಡ, ಎಷ್ಟು ಅನುದಾನ ಎಂದು ಲೆಕ್ಕ ಹಾಕುವುದನ್ನೇ ನಾವು ಯೋಜನೆಯೆಂದು ತಿಳಿದಿದ್ದೇವೆ. ಮೊದಲು ಎಣಿಸಬೇಕಾದ್ದು ಕೆಲಸದ ಸ್ಥಳಗಳನ್ನು. ಮುಂಬಯಿಯನ್ನೇ ನೋಡಿ. 2024ರ ಜನವರಿಯಲ್ಲಿ 21.8 ಕಿಲೊಮೀಟರ್ ಉದ್ದದ ಅಟಲ್ ಸೇತು ತೆರೆಯಿತು. ಅದೇ ವರ್ಷ ನೆಲದಡಿಯ ಮೆಟ್ರೊ ಮಾರ್ಗದ ಮೊದಲ ಭಾಗ ಓಡತೊಡಗಿತು. ಇವನ್ನು ಕಟ್ಟುವಾಗ ಬೇಕಾದ ಜನ ಬೇರೆ, ಕಟ್ಟಿದ ಮೇಲೆ ಮೂವತ್ತು-ನಾಲ್ವತ್ತು ವರ್ಷ ಸುಸ್ಥಿತಿಯಲ್ಲಿಡಲು ಬೇಕಾದ ಜನ ಬೇರೆ. ಸಿಗ್ನಲ್, ಲಿಫ್ಟು, ಹವಾನಿಯಂತ್ರಣ, ಪಂಪು, ಕೇಬಲ್ - ಇವುಗಳ ದುರಸ್ತಿ ಬಲ್ಲವರನ್ನು ತಯಾರಿಸಲು ಮೂರು-ನಾಲ್ಕು ವರ್ಷ ಬೇಕು. ಕೊರತೆ ಕಂಡ ಮೇಲೆ ಶಾಲೆ ತೆರೆದರೆ, ಮಕ್ಕಳು ಹೊರಬರುವ ಹೊತ್ತಿಗೆ ಬೇಡಿಕೆಯ ರೂಪವೇ ಬದಲಾಗಿರುತ್ತದೆ. ಆದ್ದರಿಂದ ಇಂತಿಷ್ಟು ಲಿಫ್ಟ್ ಮೆಕ್ಯಾನಿಕರು ಬೇಕೆಂದು ಎಣಿಸುವುದಕ್ಕಿಂತ, ಒಂದಕ್ಕೊಂದು ಸಂಬಂಧವುಳ್ಳ ಕಸುಬುಗಳ ಗುಂಪಿಗೆ ಮೊದಲ ವರ್ಷ ಸಮಾನವಾದ ಅಡಿಪಾಯ ಹಾಕಿ, ಕೊನೆಯ ವರ್ಷ ಕೆಲಸದ ಸ್ಥಳದಲ್ಲೇ ವಿಶೇಷ ತರಬೇತಿ ಕೊಡುವುದು ಕ್ಷೇಮಕರ. ಎಣಿಕೆಯಲ್ಲಿ ಸ್ವಲ್ಪ ತಪ್ಪಿದರೂ ಆಗ ಮನುಷ್ಯ ಹಾಳಾಗುವುದಿಲ್ಲ.

ಎರಡನೆಯದಾಗಿ, ಕೆಲಸ ಕೊಡುವವರು ಯೋಜನೆಯಲ್ಲಿ ಪಾಲುಗೊಳ್ಳಬೇಕು. ಈ ಮಾತನ್ನು ನಾನು ಸಭೆಯಲ್ಲಿರುವ ಹೋಟೆಲು ಉದ್ಯಮಿಗಳ ಕಡೆ ನೋಡಿಯೇ ಹೇಳುತ್ತಿದ್ದೇನೆ. 2019ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ, ಒಟ್ಟು ಕೆಲಸಗಾರರ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ಇಟ್ಟುಕೊಳ್ಳಲೇಬೇಕು. ನಾಲ್ಕರಿಂದ 29 ಮಂದಿ ಇರುವವರು ಇಚ್ಛೆಯಿದ್ದರೆ ಇಟ್ಟುಕೊಳ್ಳಬಹುದು. 2016ರಲ್ಲಿ ಬಂದ ಯೋಜನೆಯಡಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರಕಾರ ಭರಿಸುತ್ತದೆ. ನಮ್ಮವರ ಎಷ್ಟು ಹೋಟೆಲುಗಳು, ಕೇಟರಿಂಗ್ ಸಂಸ್ಥೆಗಳು, ಕಾರ್ಖಾನೆಗಳು ಇದನ್ನು ಬಳಸಿಕೊಂಡಿವೆ? ಭಟ್ಟರು ಸಿಗುವುದಿಲ್ಲವೆಂದು ದೂರುವವರು, ತಮ್ಮಲ್ಲಿ ದುಡಿಯುವ ಎಷ್ಟು ಹುಡುಗರನ್ನು ಭಟ್ಟರನ್ನಾಗಿ ಮಾಡಿದ್ದೇವೆಂದು ಕೇಳಿಕೊಳ್ಳಬೇಕು. ಹಿಂದೆ ಮಾಲಕರು ಹುಡುಗನನ್ನು ರಾತ್ರಿ ಶಾಲೆಗೆ ಬಿಟ್ಟರು. ಅದರಿಂದ ಒಬ್ಬ ಕೆಲಸಗಾರ ಕೈಬಿಟ್ಟುಹೋದ, ಆದರೆ ಒಂದು ಸಮಾಜ ಎದ್ದುನಿಂತಿತು.

ಮೂರನೆಯ ಮಾತು ನಮ್ಮ ಸಂಸ್ಥೆಗಳಿಗೆ ಸಂಬಂಧಿಸಿದ್ದು. ನಮ್ಮ ರಾತ್ರಿ ಶಾಲೆಗಳಲ್ಲಿ ಕೆಲವು ಮುಚ್ಚಿವೆ, ಉಳಿದವುಗಳಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ. ಊರಿನಿಂದ ಹೋಟೆಲಿಗೆ ಹುಡುಗರು ಬರುವುದು ನಿಂತಿದೆ. ಅದು ಊರಿನ ಏಳಿಗೆಯ ಚಿಹ್ನೆ, ಅದಕ್ಕೆ ಮರುಗಬೇಕಾಗಿಲ್ಲ. ಆದರೆ ಕನ್ನಡದ ಹುಡುಗರು ಈ ನಗರಕ್ಕೆ ಬರುವುದು ನಿಂತಿಲ್ಲ. ಬೆಳಗ್ಗೆ ಏಳು ಗಂಟೆಗೆ ಉಪನಗರಗಳ ಕೂಲಿ ನಾಕಾಗಳಲ್ಲಿ ನಿಂತು ನೋಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಗಂಡಸರು, ಹೆಂಗಸರು ಬುತ್ತಿ ಹಿಡಿದು ಗುತ್ತಿಗೆದಾರನ ದಾರಿ ಕಾಯುತ್ತಿರುತ್ತಾರೆ. ಅವರಾಡುವ ಕನ್ನಡ ನಮ್ಮ ಸಭಾಗೃಹಗಳವರೆಗೆ ಬಂದಿಲ್ಲ. ಹತ್ತು ವರ್ಷ ಗಾರೆ ಕಲಸಿದ ಆ ಯುವಕನಿಗೆ ಗೋಡೆಯ ತೂಕ, ಇಟ್ಟಿಗೆಯ ಲೆಕ್ಕ ಬಾಯಿಪಾಠ. ಅವನ ತಿಳಿವಳಿಕೆಯನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ವ್ಯವಸ್ಥೆ ಸರಕಾರದ ಕೌಶಲ ಯೋಜನೆಯಲ್ಲಿದೆ. ಆದರೆ ಆ ಪ್ರಮಾಣಪತ್ರ ಪೆಟ್ಟಿಗೆ ಸೇರದೆ, ಅವನನ್ನು ಮೇಸ್ತ್ರಿಯಾಗಿ, ಮೇಲ್ವಿಚಾರಕನಾಗಿ, ಮುಂದೆ ಡಿಪ್ಲೊಮಾ ಪಡೆದವನಾಗಿ ಬೆಳೆಸಬೇಕಾದರೆ ಸಂಜೆಯ ತರಗತಿ ಬೇಕು, ಅವನ ಭಾಷೆಯಲ್ಲಿ ಆರಂಭಿಸುವ ಗುರು ಬೇಕು.

ನಮ್ಮಲ್ಲಿ ಕಟ್ಟಡಗಳಿವೆ, ಸಂಜೆ ಖಾಲಿಯಿರುವ ಕೊಠಡಿಗಳಿವೆ, ನಿವೃತ್ತ ಎಂಜಿನಿಯರರೂ ಬ್ಯಾಂಕ್ ಅಧಿಕಾರಿಗಳೂ ಇದ್ದಾರೆ. ಆರಂಭದ ಆರು ತಿಂಗಳು ಕನ್ನಡದಲ್ಲಿ ಲೆಕ್ಕ, ನಕ್ಷೆ, ಸುರಕ್ಷತೆ. ಅದರ ಜತೆಗೇ ಕೆಲಸಕ್ಕೆ ಬೇಕಾದ ಮರಾಠಿ, ಇಂಗ್ಲಿಷ್. ಆಮೇಲೆ ಮಾನ್ಯತೆಯುಳ್ಳ ಪಾಲಿಟೆಕ್ನಿಕ್ ಅಥವಾ ವಿಶ್ವವಿದ್ಯಾನಿಲಯದ ಜೋಡಣೆ - ಈ ಕ್ರಮದಲ್ಲಿ ಸಂಜೆಯ ವೃತ್ತಿ ಮಹಾವಿದ್ಯಾಲಯವೊಂದನ್ನು ನಮ್ಮ ಸಂಸ್ಥೆಗಳು ಒಟ್ಟುಗೂಡಿ ನಡೆಸಬಹುದು. ಬೇರೆ ಬೇರೆ ಜಾತಿ ಸಂಘಗಳು ತಮ್ಮ ತಮ್ಮ ಶಾಲೆ ನಡೆಸಿದ ಕಾಲ ಒಂದಿತ್ತು. ಒಂದು ಪ್ರಯೋಗಶಾಲೆಗೆ ಬೇಕಾಗುವ ವೆಚ್ಚವನ್ನು ನೋಡಿದರೆ ಈ ಕೆಲಸ ಒಬ್ಬರಿಂದ ಆಗುವಂಥದಲ್ಲ. ನಮ್ಮ ಹಳೆಯ ರಾತ್ರಿ ಶಾಲೆ ಬಹುಮಟ್ಟಿಗೆ ಗಂಡುಮಕ್ಕಳ ಶಾಲೆಯಾಗಿತ್ತು. ಹೊಸದರಲ್ಲಿ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ತರಗತಿಯೂ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡೂ ಇರಬೇಕು. ಹೊಲಿಗೆಗೆ ಮಾತ್ರ ಅವರನ್ನು ಸೀಮಿತಗೊಳಿಸದೆ ಪ್ರಯೋಗಾಲಯ, ಆಸ್ಪತ್ರೆ, ವಿದ್ಯುತ್ ಉಪಕರಣಗಳ ಕೆಲಸವನ್ನೂ ಕಲಿಸಬೇಕು.

ಇದಕ್ಕೆ ಹಣ ಎಲ್ಲಿಂದ ಎಂದು ತಾವು ಕೇಳಬಹುದು. ವಾರ್ಷಿಕೋತ್ಸವಗಳಿಗೆ, ಸನ್ಮಾನಗಳಿಗೆ, ಶಾಲು-ಹಾರಗಳಿಗೆ ಹಣ ಒದಗಿಸಿದ ಸಮಾಜಕ್ಕೆ ಇದು ಅಸಾಧ್ಯವಲ್ಲ. ಮೊದಲ ಹೆಜ್ಜೆಗೆ ಹಣವೂ ಬೇಡ. ಸಂಘದ ಮೂವರು ಕುಳಿತು ಒಂದು ಪಟ್ಟಿ ಮಾಡಲಿ: ನಮ್ಮವರ ಎಷ್ಟು ಹೋಟೆಲು, ಎಷ್ಟು ಕಾರ್ಖಾನೆ, ಎಷ್ಟು ಆಸ್ಪತ್ರೆ, ಮುಂದಿನ ಐದು ವರ್ಷಗಳಲ್ಲಿ ಎಷ್ಟು ಮಂದಿ ನಿವೃತ್ತರಾಗುತ್ತಾರೆ, ಯಾವ ಕೆಲಸಕ್ಕೆ ಯಾರು ಬೇಕು, ಯಾವ ಶಾಲೆಯ ಎಷ್ಟು ಕೊಠಡಿ ಸಂಜೆ ಆರರಿಂದ ಒಂಬತ್ತರವರೆಗೆ ಖಾಲಿ. ಆ ಪಟ್ಟಿ ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಬರಲಿ. ಅದು ಬಂದರೆ ಈ ಸಂಜೆ ತಾವು ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ್ದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.